ಅರವತ್ತೊಂದನೆಯ ಮಗು

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬಯಿಯ ಕನ್ನಡ ಶಾಲೆಗಳ ಬಗ್ಗೆ ಎಲ್ಲಿ ಮಾತು ಎದ್ದರೂ, ಸಂಘದ ವಾರ್ಷಿಕ ಸಭೆಯಲ್ಲಿರಲಿ, ಲೋಕಲ್ ಟ್ರೇನಿನಲ್ಲಿರಲಿ, ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಸರಕಾರದ ಗ್ರ್ಯಾಂಟ್ ಇದೆಯಲ್ಲ, ಇನ್ನೇನು ಚಿಂತೆ?" ಈ ಗ್ರ್ಯಾಂಟ್, ಅಂದರೆ ಅನುದಾನ ಎಂಬುದು ಯಾವ ದಾರಿಯಲ್ಲಿ ಬರುತ್ತದೆ, ಯಾವ ತಿರುವಿನಲ್ಲಿ ನಿಂತುಬಿಡುತ್ತದೆ ಎಂಬುದು ಮಕ್ಕಳನ್ನು ಶಾಲೆಗೆ ಕಳಿಸುವವರಿಗೂ ಶಾಲೆ ನಡೆಸುವವರಿಗೂ ಗೊತ್ತಿರಬೇಕು. ಗೊತ್ತಿಲ್ಲದೆ ಕೈತಪ್ಪಿದ ಶಿಕ್ಷಕರ ಹುದ್ದೆ ಮತ್ತೆ ಸಿಗುವುದು ಬಹಳ ಕಷ್ಟ.

ಮೊದಲು ಶಾಲೆಗಳ ಬಗೆ. ಮಹಾನಗರ ಪಾಲಿಕೆಯೇ ನಡೆಸುವ ಶಾಲೆಗಳು ಒಂದು ಬಗೆ. ಮುಂಬಯಿ ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಹೀಗೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಅದರ ಶಿಕ್ಷಣದ ಬಜೆಟ್ಟೇ ಬೇರೆ. ಸಮವಸ್ತ್ರ, ಪಾಟಿಚೀಲ, ಕೊಡೆಯಿಂದ ಹಿಡಿದು 27 ಬಗೆಯ ವಸ್ತುಗಳನ್ನು ಮಕ್ಕಳಿಗೆ ಪುಕ್ಕಟೆ ಕೊಡುವ ಯೋಜನೆಯೂ ಅದಕ್ಕಿದೆ. ಎರಡನೆಯದು ಸಂಘ ಸಂಸ್ಥೆಗಳು ಕಟ್ಟಿ, ಸರಕಾರದಿಂದ ಪಗಾರ ಪಡೆಯುವ ಅನುದಾನಿತ ಶಾಲೆ. ಮೂರನೆಯದು ಅಂಶತಃ ಅನುದಾನಿತ, ಅಂದರೆ ಪಗಾರದ ನೂರಕ್ಕೆ 20, 40, 60, 80 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಾಲೆ. ಉಳಿದವು ವಿನಾ ಅನುದಾನಿತ ಮತ್ತು 2012ರ ಕಾಯ್ದೆಯ ಪ್ರಕಾರ ಬಂದ ಸ್ವಯಂ ಅರ್ಥಸಹಾಯದ ಶಾಲೆಗಳು. ಇವುಗಳ ಪಗಾರಕ್ಕೆ ಸರಕಾರ ಕೈ ಹಾಕುವುದಿಲ್ಲ. ನಮ್ಮ ಹಿರಿಯರು ಹೋಟೆಲ್ ಹುಡುಗರಿಗಾಗಿ, ಗಿರಣಿ ಕೆಲಸಗಾರರಿಗಾಗಿ ಕಟ್ಟಿದ ಹಗಲು ಶಾಲೆ, ರಾತ್ರಿ ಶಾಲೆಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು. ಹಾಗಾಗಿ ನನ್ನ ಮಾತು ಮುಖ್ಯವಾಗಿ ಅವುಗಳದ್ದು.

ಅನುದಾನ ಎಂಬ ಪದ್ಧತಿ ಈ ದೇಶಕ್ಕೆ ಬಂದದ್ದು 1854ರ ವುಡ್ ಅವರ ಶಿಕ್ಷಣ ಆದೇಶದಿಂದ. ಸರಕಾರ ಎಲ್ಲ ಕಡೆ ತಾನೇ ಶಾಲೆ ತೆರೆಯಲಾರದು, ಜನ ತೆರೆದರೆ ತಾನು ನೆರವು ಕೊಡುತ್ತದೆ ಎಂಬ ಲೆಕ್ಕ ಅದು. ಆ ಶತಮಾನದಲ್ಲಿ ಮುಂಬಯಿ ಪ್ರಾಂತದಲ್ಲಿ ಮಕ್ಕಳ ಪರೀಕ್ಷೆಯ ಫಲಿತಾಂಶ ನೋಡಿ ಹಣ ಕೊಡುತ್ತಿದ್ದರು. ಈಗ ಮಕ್ಕಳ ತಲೆ ಎಣಿಸಿ ಕೊಡುತ್ತಾರೆ. ಈ ತಲೆ ಎಣಿಕೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಣದ ದಾರಿ ಹೀಗಿದೆ. ಮಾರ್ಚ್ ತಿಂಗಳಲ್ಲಿ ರಾಜ್ಯದ ಬಜೆಟ್ ಮಂಡನೆಯಾಗುತ್ತದೆ. ಅದರಲ್ಲಿ ಸಾಮಾನ್ಯ ಶಿಕ್ಷಣದ ಲೆಕ್ಕದ ಶೀರ್ಷಿಕೆ 2202. ಪ್ರಾಥಮಿಕಕ್ಕೆ ಒಂದು ಉಪಶೀರ್ಷಿಕೆ, ಮಾಧ್ಯಮಿಕಕ್ಕೆ ಇನ್ನೊಂದು. ಅದರೊಳಗೆ ಪಗಾರದ ಅನುದಾನ ಬೇರೆ, ಪಗಾರವಲ್ಲದ ಖರ್ಚಿನ ಅನುದಾನ ಬೇರೆ. ಒಂದರ ಹಣವನ್ನು ಇನ್ನೊಂದಕ್ಕೆ ತಿರುಗಿಸಲು ಶಾಲೆಗಾಗಲಿ ಶಿಕ್ಷಣಾಧಿಕಾರಿಗಾಗಲಿ ಅಧಿಕಾರವಿಲ್ಲ. ಶಾಲೆಯ ಮಟ್ಟದಲ್ಲಿ ಕೆಲಸ ಶುರುವಾಗುವುದು ಮುಖ್ಯಾಧ್ಯಾಪಕರ ಮೇಜಿನಿಂದ. ಅವರು ಪ್ರತಿ ತಿಂಗಳು 'ಶಾಲಾರ್ಥ' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಒಬ್ಬೊಬ್ಬ ಶಿಕ್ಷಕರ ರಜೆ, ಇನ್‌ಕ್ರಿಮೆಂಟ್, ಭವಿಷ್ಯ ನಿಧಿಯ ಕಡಿತ ಎಲ್ಲವನ್ನೂ ತುಂಬಿ ಬಿಲ್ಲು ತಯಾರಿಸುತ್ತಾರೆ. ಮಾಧ್ಯಮಿಕ ಶಾಲೆಗಳ ಬಿಲ್ಲು 'ವೇತನ ಪಥಕ' ಎಂಬ ಕಚೇರಿಗೆ ಹೋಗುತ್ತದೆ. ಅಲ್ಲಿ ಪರಿಶೀಲನೆಯಾಗಿ, ಎಲ್ಲ ಶಾಲೆಗಳದ್ದು ಒಟ್ಟುಗೂಡಿ, ಖಜಾನೆಗೆ ಹೋಗಿ, ಕೊನೆಗೆ ಶಿಕ್ಷಕರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಮುಂಬಯಿಯ ಅನುದಾನಿತ ಪ್ರಾಥಮಿಕ ಶಾಲೆಗಳ ವ್ಯವಹಾರ ಮಾತ್ರ ಪಾಲಿಕೆಯ ಶಿಕ್ಷಣ ವಿಭಾಗದ ಮೂಲಕ. ಆದ್ದರಿಂದ ಒಂದೇ ಕಟ್ಟಡದಲ್ಲಿ, ಒಂದೇ ಆಡಳಿತ ಮಂಡಳಿಯ ಕೆಳಗೆ ಇರುವ ಪ್ರಾಥಮಿಕ ಮತ್ತು ಹೈಸ್ಕೂಲು ಎರಡು ಬೇರೆ ಬೇರೆ ಕಚೇರಿಗಳಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಪಗಾರ ತಡವಾಗುವುದಕ್ಕೆ ಕಾರಣ ಹೆಚ್ಚಾಗಿ ಎರಡು. ಖಜಾನೆಯಲ್ಲಿ ಆ ಶೀರ್ಷಿಕೆಗೆ ತೆಗೆದಿಟ್ಟ ಹಣ ಮುಗಿದಿರುತ್ತದೆ. ಆಗ ಮುಂಬಯಿಯ ಮಳೆಗಾಲದ ಅಧಿವೇಶನ ಇಲ್ಲವೇ ನಾಗಪುರದ ಚಳಿಗಾಲದ ಅಧಿವೇಶನದಲ್ಲಿ ಪೂರಕ ಬೇಡಿಕೆ ಮಂಜೂರಾಗುವವರೆಗೆ ಕಾಯಬೇಕು. ಇಲ್ಲವೇ ಬಿಲ್ಲಿನಲ್ಲಿ ಒಬ್ಬರ ಲೆಕ್ಕ ತಪ್ಪಿರುತ್ತದೆ, ಇಡೀ ಶಾಲೆಯ ಬಿಲ್ಲು ವಾಪಸು ಬರುತ್ತದೆ. ಅಂಶತಃ ಅನುದಾನಿತ ಶಾಲೆಗಳ ಕಷ್ಟ ಇದಕ್ಕಿಂತ ದೊಡ್ಡದು. ಮುಂದಿನ 20 ಪ್ರತಿಶತದ ಮೆಟ್ಟಿಲು ಕಾಗದದ ಮೇಲೆ ಮಂಜೂರಾಗಿರುತ್ತದೆ, ಬಜೆಟ್ಟಿನಲ್ಲಿ ಹಣ ಇರುವುದಿಲ್ಲ. 2025ರ ಜುಲೈಯಲ್ಲಿ ಸಾವಿರಾರು ಶಿಕ್ಷಕರು ಆಜಾದ್ ಮೈದಾನದ ಮಳೆಯಲ್ಲಿ ಕುಳಿತದ್ದು ಇದಕ್ಕಾಗಿಯೇ. ಜಿಆರ್, ಅಂದರೆ ಸರಕಾರದ ನಿರ್ಣಯ ಬಂದಿದೆಯೇ ಎಂದು ಕೇಳಿದರೆ ಸಾಲದು, ಬಜೆಟ್ಟಿನಲ್ಲಿ ಹಣದ ತರತೂದು ಆಗಿದೆಯೇ ಎಂದೂ ಕೇಳಬೇಕು.

ಇನ್ನು ಪಗಾರದ ಹೊರಗಿನ ಖರ್ಚು. ಛಾವಣಿ ಸೋರಿದರೆ, ಲೈಟ್ ಬಿಲ್ಲು ಏರಿದರೆ, ಶೌಚಾಲಯದ ಪೈಪು ಒಡೆದರೆ ಯಾರು ಕೊಡಬೇಕು? ವೇತನೇತರ ಅನುದಾನ ಎಂದು ಒಂದು ಇದೆ, ಪಗಾರದ ಲೆಕ್ಕದ ಒಂದು ಸಣ್ಣ ಪಾಲು ಅದು, ಬರುವುದೂ ತಡವಾಗಿ. 2020ರಿಂದ ಈಚೆಗೆ ಶಿಪಾಯಿ ನಿವೃತ್ತನಾದರೆ ಆ ಹುದ್ದೆಯೇ ಹೋಗುತ್ತದೆ, ಬದಲಿಗೆ ಶಾಲೆಗೆ ಒಂದು ನಿಗದಿತ ಭತ್ಯೆ ಸಿಗುತ್ತದೆ. ಕಟ್ಟಡ ಸಂಸ್ಥೆಯದು, ಅದರ ಭಾರವೂ ಸಂಸ್ಥೆಯದೇ. ಗ್ರ್ಯಾಂಟ್ ಇದ್ದರೂ ಸಂಘದವರು ರಸೀದಿ ಪುಸ್ತಕ ಹಿಡಿದು ಬಂದರೆ ಬೇಸರಪಟ್ಟುಕೊಳ್ಳಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಈಗ ತಲೆ ಎಣಿಕೆ. ಪ್ರತಿ ವರ್ಷ ಸೆಪ್ಟೆಂಬರ್ 30ಕ್ಕೆ ಶಾಲೆಯ ದಾಖಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದರ ಮೇಲೆ ಆ ಶಾಲೆಗೆ ಎಷ್ಟು ಶಿಕ್ಷಕರು ಎಂದು ಸರಕಾರ ತೀರ್ಮಾನಿಸುತ್ತದೆ. ಇದಕ್ಕೆ ಮಹಾರಾಷ್ಟ್ರದಲ್ಲಿ 'ಸಂಚ ಮಾನ್ಯತೆ' ಎನ್ನುತ್ತಾರೆ. ಒಂದು ಕಾಗದ, ಅದರಲ್ಲಿ ತರಗತಿವಾರು ಮಕ್ಕಳ ಸಂಖ್ಯೆ, ಎದುರಿಗೆ ಮಂಜೂರಾದ ಹುದ್ದೆ. ಇದರ ತಳಹದಿ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ. ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 150 ದಾಟಿದರೆ ಮುಖ್ಯಾಧ್ಯಾಪಕರು ಬೇರೆ. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು.

ಈ ಸಂಖ್ಯೆಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. 61 ಮಕ್ಕಳಿರುವ ಶಾಲೆಯಿಂದ ಒಂದೇ ಒಂದು ಮಗು ಹೆಸರು ತೆಗೆಸಿಕೊಂಡು ಹೋದರೆ, ಅನುಸೂಚಿಯ ಲೆಕ್ಕದಲ್ಲಿ ಹೋಗುವುದು ಒಬ್ಬ ಶಿಕ್ಷಕರ ಇಡೀ ಹುದ್ದೆ. ಐದು ತರಗತಿಗಳನ್ನು ಇಬ್ಬರು ಹಂಚಿಕೊಂಡು ಕಲಿಸಬೇಕು: ಒಬ್ಬರ ಮುಂದೆ ಒಂದನೇ, ಎರಡನೇ ತರಗತಿ, ಇನ್ನೊಬ್ಬರ ಮುಂದೆ ಮೂರು, ನಾಲ್ಕು, ಐದು. ಇದನ್ನು ನೋಡಿದ ಇನ್ನಷ್ಟು ತಂದೆತಾಯಂದಿರು ಮಕ್ಕಳನ್ನು ಬೇರೆ ಕಡೆ ಸೇರಿಸುತ್ತಾರೆ. ಕನ್ನಡ ಶಾಲೆ ಮುಚ್ಚುವುದು ಒಂದು ದಿನದಲ್ಲಿ ಅಲ್ಲ, ಹೀಗೆ ಒಂದೊಂದು ಹುದ್ದೆ ಕಳಚಿಕೊಳ್ಳುತ್ತಾ. ಮಹಾರಾಷ್ಟ್ರದ ನಿರ್ಣಯಗಳಲ್ಲಿ ಹೊಸ ಹುದ್ದೆ ಪಡೆಯಲು ಬೇಕಾದ ಸಂಖ್ಯೆ ಇದ್ದ ಹುದ್ದೆ ಉಳಿಸಿಕೊಳ್ಳುವ ಸಂಖ್ಯೆಗಿಂತ ಹೆಚ್ಚು. 2024ರ ಮಾರ್ಚ್ 15ರ ಜಿಆರ್ ನಂತರ 20ಕ್ಕಿಂತ ಕಡಿಮೆ ಮಕ್ಕಳಿರುವ ಮೇಲಿನ ತರಗತಿಗಳ ಮೇಲೆ ಕತ್ತಿ ತೂಗುತ್ತಿದೆ. ಕನ್ನಡದಂಥ ಮಾಧ್ಯಮಕ್ಕೆ ಇನ್ನೊಂದು ತೊಡಕು. ಮರಾಠಿ ಶಾಲೆಯಲ್ಲಿ ಹೆಚ್ಚುವರಿಯಾದ ಶಿಕ್ಷಕರನ್ನು ಪಕ್ಕದ ಇನ್ನೊಂದು ಮರಾಠಿ ಶಾಲೆಗೆ ಕಳಿಸಬಹುದು. ಕನ್ನಡ ಶಿಕ್ಷಕರನ್ನು ಎಲ್ಲಿಗೆ ಕಳಿಸುವುದು? ಕರ್ನಾಟಕದ ಗಡಿಯ ಅಕ್ಕಲಕೋಟೆ, ಜತ್ತ ಕಡೆ ಕನ್ನಡ ಶಾಲೆಗಳಿವೆ, ಆದರೆ ಅವು ಜಿಲ್ಲಾ ಪರಿಷತ್ತಿನವು, ಬೇರೆ ಜಿಲ್ಲೆಯವು.

ತಲೆ ಇದ್ದರೆ ಸಾಲದು, ಆಧಾರ್ ತಾಳೆಯಾಗಬೇಕು. ಸಂಚ ಮಾನ್ಯತೆಗೆ ಈಗ ಹಿಡಿಯುವುದು ಆಧಾರ್ ಪರಿಶೀಲನೆಯಾದ ಮಕ್ಕಳನ್ನು. ಹೆಸರು, ಹುಟ್ಟಿದ ದಿನ, ಲಿಂಗ ಈ ಮೂರೂ ಶಾಲೆಯ ದಾಖಲೆಯೊಂದಿಗೆ ತಾಳೆಯಾದರೆ ವ್ಯಾಲಿಡ್, ಇಲ್ಲವಾದರೆ ಇನ್‌ವ್ಯಾಲಿಡ್. ಮಗು ದಿನಾ ಬೆಂಚಿನ ಮೇಲೆ ಕೂತಿರುತ್ತದೆ, ಲೆಕ್ಕದಲ್ಲಿ ಇರುವುದಿಲ್ಲ.

ನಮ್ಮ ಮಕ್ಕಳ ಹೆಸರು ತಾಳೆಯಾಗದಿರುವುದಕ್ಕೆ ಕಾರಣಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ. ಆಧಾರ್ ಊರಿನಲ್ಲಿ ಆದದ್ದು, ಅದರಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅಷ್ಟೆ. ಇಲ್ಲಿಯ ಜನರಲ್ ರಿಜಿಸ್ಟರಿನಲ್ಲಿ, ಅಂದರೆ ಶಾಲೆಗೆ ಸೇರಿದ ಮಕ್ಕಳ ದಾಖಲೆ ಪುಸ್ತಕದಲ್ಲಿ, ಹೆಸರು ಶುರುವಾಗುವುದೇ ಅಡ್ಡಹೆಸರಿನಿಂದ. ಮನೆತನದ ಹೆಸರು ಬಳಸುವ ರೂಢಿ ಇಲ್ಲದವರಿಗೆ ಗುಮಾಸ್ತರು ಊರಿನ ಹೆಸರನ್ನೋ ಜಾತಿಯ ಹೆಸರನ್ನೋ ಬರೆದುಬಿಡುತ್ತಾರೆ. ಇನ್ನು ಲಕ್ಷ್ಮೀ ಎಂಬ ಹೆಸರು. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ 'ಎಕ್ಸ್' ಅಕ್ಷರ, ಇನ್ನೊಂದು ಕಡೆ 'ಕೆ ಎಸ್ ಎಚ್'. ಹುಟ್ಟಿದ ದಿನ ಒಂದರಲ್ಲಿ ಜೂನ್ 1, ಇನ್ನೊಂದರಲ್ಲಿ ನಿಜವಾದ ತಾರೀಕು. ಇಷ್ಟಕ್ಕೇ ಮಗು ಲೆಕ್ಕದಿಂದ ಹೊರಗೆ.

ಸರಿಪಡಿಸುವುದು ಎಲ್ಲಿ? ಜನರಲ್ ರಿಜಿಸ್ಟರಿನಲ್ಲಿ ಒಮ್ಮೆ ಬರೆದದ್ದನ್ನು ಮುಖ್ಯಾಧ್ಯಾಪಕರು ತಾವಾಗಿ ತಿದ್ದುವಂತಿಲ್ಲ, ಶಿಕ್ಷಣ ಇಲಾಖೆಯ ಒಪ್ಪಿಗೆ ಬೇಕು. ಹಾಗಾಗಿ ಸೇರಿಸುವ ದಿನವೇ ಜನ್ಮ ದಾಖಲೆ ಮತ್ತು ಆಧಾರ್ ಎರಡನ್ನೂ ಮೇಜಿನ ಮೇಲಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡಿ, ಆಮೇಲೆ ಬರೆಸಿ. ತಪ್ಪು ಆಧಾರಿನಲ್ಲೇ ಇದ್ದರೆ ಜನ್ಮ ದಾಖಲೆ ಹಿಡಿದು ಆಧಾರ್ ಕೇಂದ್ರಕ್ಕೆ ಹೋಗಿ. ಆದರೆ ನೆನಪಿಡಿ, ಆಧಾರಿನಲ್ಲಿ ಹೆಸರು ತಿದ್ದಲು ಎರಡು ಸಲ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ ಸಲ. ಅವಸರದಲ್ಲಿ ತಪ್ಪಿನ ಮೇಲೆ ತಪ್ಪು ಮಾಡಿಕೊಳ್ಳಬೇಡಿ. ಮಗುವಿಗೆ ಐದು ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಕೊಡಿಸುವುದು ಕಡ್ಡಾಯ. ಅದು ಆಗದಿದ್ದರೆ ಏಳರ ನಂತರ ಆ ನಂಬರು ನಿಷ್ಕ್ರಿಯವಾಗಬಹುದು.

ಕರ್ನಾಟಕದ ಶಾಲೆಯಿಂದ ಬಂದ ಮಗುವಿಗೆ ಇನ್ನೊಂದು ಕೆಲಸವಿದೆ. ದೇಶದ ಶಾಲೆಗಳ ಮಾಹಿತಿ ಇಡುವ ಯುಡೈಸ್ ಪ್ಲಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ 'ಪೆನ್' ಎಂಬ ಕಾಯಂ ನಂಬರಿದೆ. ಹಳೆಯ ಶಾಲೆ ಮಗುವನ್ನು ತನ್ನ ಪಟ್ಟಿಯಿಂದ ಬಿಟ್ಟುಕೊಟ್ಟರೆ ಮಾತ್ರ ಇಲ್ಲಿಯ ಶಾಲೆ ಆ ನಂಬರಿನಿಂದ ಎಳೆದುಕೊಳ್ಳಬಹುದು. ಊರಿನಿಂದ ಎಲ್‌ಸಿ, ಅಂದರೆ ಶಾಲೆ ಬಿಟ್ಟ ಪ್ರಮಾಣಪತ್ರ ತರುವಾಗ ಆ ನಂಬರನ್ನೂ ಬರೆಸಿಕೊಂಡು ಬನ್ನಿ, ಬಿಟ್ಟುಕೊಡಿ ಎಂದು ಅಲ್ಲಿಯ ಗುರುಗಳಿಗೆ ಬಾಯಿಬಿಟ್ಟು ಹೇಳಿ. ದಸರೆಗೆ ಊರಿಗೆ ಹೋಗಿ ಬಂದು ಸೇರಿಸುತ್ತೇವೆ ಎಂದರೆ ಸೆಪ್ಟೆಂಬರ್ 30 ದಾಟಿರುತ್ತದೆ, ಆ ವರ್ಷದ ಲೆಕ್ಕಕ್ಕೆ ಮಗು ಸಿಗುವುದಿಲ್ಲ.

ಹುದ್ದೆ ಮಂಜೂರಾದ ಮಾತ್ರಕ್ಕೆ ಶಿಕ್ಷಕರು ಬರುವುದಿಲ್ಲ. ನೇಮಕವಾಗಿ, ಶಿಕ್ಷಣಾಧಿಕಾರಿಯ ವೈಯಕ್ತಿಕ ಮಾನ್ಯತೆ ಸಿಕ್ಕಿ, ಶಾಲಾರ್ಥ ಐಡಿ ಬಂದ ಮೇಲೆಯೇ ಪಗಾರ. 2025ರಲ್ಲಿ ನಾಗಪುರದಲ್ಲಿ ಬೋಗಸ್ ಶಾಲಾರ್ಥ ಐಡಿಗಳ ಹಗರಣ ಹೊರಬಿದ್ದ ಮೇಲೆ ಮೂಲ ಕಾಗದಗಳಿಗೆ ಬೆಲೆ ಇನ್ನೂ ಹೆಚ್ಚಿದೆ. ನೇಮಕದ ಠರಾವು, ಜಾಹೀರಾತು, ಕೆಲಸಕ್ಕೆ ಹಾಜರಾದ ಪತ್ರ, ಮಾನ್ಯತೆಯ ಆದೇಶ ಇವೆಲ್ಲವನ್ನೂ ಶಾಲೆ ಒಂದೇ ಫೈಲಿನಲ್ಲಿ ಜೋಪಾನ ಮಾಡಬೇಕು. ಮೊದಲ ಮೂರು ವರ್ಷ ಶಿಕ್ಷಣ ಸೇವಕರಾಗಿ ಪ್ರಾಥಮಿಕದಲ್ಲಿ 16,000, ಮಾಧ್ಯಮಿಕದಲ್ಲಿ 18,000 ರೂಪಾಯಿ ಮಾನಧನ ಮಾತ್ರ. ಮುಂಬಯಿಯ ಬಾಡಿಗೆಯಲ್ಲಿ ಇಷ್ಟು ಹಣದಿಂದ ಒಂದು ಸಂಸಾರ ನಡೆಯುವುದಿಲ್ಲ. ಕನ್ನಡದಲ್ಲಿ ಡಿ.ಎಡ್. ಮಾಡಿದ ಹುಡುಗಿಯರು ಊರಿನಿಂದ ಇಲ್ಲಿಗೆ ಬರಲು ಹಿಂಜರಿಯುವುದು ಸಹಜವೇ.

ಕೇಂದ್ರದ ಪಾಲು ಬರುವುದು ಸಮಗ್ರ ಶಿಕ್ಷಣ ಮತ್ತು ಮಧ್ಯಾಹ್ನದ ಊಟದ ಪಿಎಂ ಪೋಷಣ್ ಯೋಜನೆಗಳಲ್ಲಿ, ನೂರಕ್ಕೆ ಕೇಂದ್ರ 60, ರಾಜ್ಯ 40. ಊಟ ಸರಕಾರಿ ಮತ್ತು ಅನುದಾನಿತ ಎರಡೂ ಶಾಲೆಗಳಲ್ಲಿ ಎಂಟನೆಯವರೆಗೆ ಇದೆ: ಐದನೆಯವರೆಗೆ ದಿನಕ್ಕೆ 100 ಗ್ರಾಂ ಧಾನ್ಯ, ಆಮೇಲೆ 150 ಗ್ರಾಂ. ಬೇಳೆ, ತರಕಾರಿ, ಎಣ್ಣೆಗೆ 2025ರ ಮೇ ತಿಂಗಳಿನಿಂದ ದಿನಕ್ಕೆ ಐದನೆಯವರೆಗಿನ ಮಗುವಿಗೆ 6 ರೂಪಾಯಿ 78 ಪೈಸೆ, ಆರರಿಂದ ಎಂಟನೆಯ ಮಗುವಿಗೆ 10 ರೂಪಾಯಿ 17 ಪೈಸೆ. ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಸಮಗ್ರ ಶಿಕ್ಷಣದ ವಾರ್ಷಿಕ ಶಾಲಾ ಅನುದಾನ ಮಾತ್ರ ಸರಕಾರಿ ಶಾಲೆಗಳಿಗೆ, ಅನುದಾನಿತಕ್ಕೆ ಇಲ್ಲ.

ಭಾಷಾ ಅಲ್ಪಸಂಖ್ಯಾಕರೆಂದು ನಮಗೆ ಸಂವಿಧಾನದ ಆಸರೆ ಎಷ್ಟಿದೆ ಎಂದು ಕೇಳುವವರಿದ್ದಾರೆ. 30ನೇ ವಿಧಿ ಸ್ವಂತ ಶಾಲೆ ನಡೆಸುವ ಹಕ್ಕು ಕೊಡುತ್ತದೆ. ಅನುದಾನ ಕೊಡುವಾಗ ಅಲ್ಪಸಂಖ್ಯಾಕರ ಶಾಲೆಯೆಂದು ಭೇದ ಮಾಡಬಾರದು ಎನ್ನುತ್ತದೆ. ಅನುದಾನವೇ ಹಕ್ಕು ಎನ್ನುವುದಿಲ್ಲ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಅರ್ಜಿ ಬರೆಯುವಾಗ "ನಮಗೆ ಹಕ್ಕಿದೆ" ಎಂದು ಬರೆಯುವುದಕ್ಕಿಂತ, ಇದೇ ಸಂಖ್ಯೆಯಿರುವ ಬೇರೆ ಶಾಲೆಗೆ ಸಿಕ್ಕಿದ್ದು ನಮಗೆ ಏಕೆ ಸಿಕ್ಕಿಲ್ಲ ಎಂದು ಅಂಕಿಯೊಡನೆ ಕೇಳಿದರೆ ಉತ್ತರ ಕೊಡದೆ ಗತಿಯಿರುವುದಿಲ್ಲ.

ಆ ಅಂಕಿ ಸಿಗುವುದು ಸಂಚ ಮಾನ್ಯತೆಯ ಕಾಗದದಲ್ಲಿ. ಮುಖ್ಯಾಧ್ಯಾಪಕರ ಬಳಿ ಅದರ ಪ್ರತಿ ಇರುತ್ತದೆ, ಪಾಲಕರ ಸಭೆಯಲ್ಲಿ ನೋಡಲು ಕೇಳಿ. ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಬರೆದು, 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ, ಹೈಸ್ಕೂಲಿನದಾದರೆ ನಿಮ್ಮ ವಿಭಾಗದ ಶಿಕ್ಷಣ ನಿರೀಕ್ಷಕರ ಕಚೇರಿಗೆ, ಪ್ರಾಥಮಿಕದ್ದಾದರೆ ಪಾಲಿಕೆಯ ಶಿಕ್ಷಣ ವಿಭಾಗಕ್ಕೆ ಕೊಡಿ. 30 ದಿನದೊಳಗೆ ಉತ್ತರ ಬರಬೇಕು. ಅರ್ಜಿಯಲ್ಲಿ ಶಾಲೆಯ ಯುಡೈಸ್ ನಂಬರು, ಯಾವ ವರ್ಷದ್ದು ಬೇಕು ಎಂಬುದು, ಮತ್ತು ಆಧಾರ್ ವ್ಯಾಲಿಡ್ ಆಗದ ಮಕ್ಕಳು ಎಷ್ಟು ಎಂಬ ಪ್ರಶ್ನೆ, ಈ ಮೂರನ್ನೂ ತಪ್ಪದೆ ಬರೆಯಿರಿ. ನಮಸ್ಕಾರ.