135ನೇ ಬೀದಿಯ ಬಾಡಿಗೆ

ನಾನು ಸುರಂಗ ರೈಲಿನಿಂದ ಮೆಟ್ಟಿಲು ಹತ್ತಿ ಬಂದದ್ದನ್ನು ಈ ಕ್ಯಾಮೆರಾದಲ್ಲಿ ನೀವೇ ನೋಡಿದಿರಿ. ಇದು ನ್ಯೂಯಾರ್ಕಿನ ಹಾರ್ಲೆಮ್. 135ನೇ ಬೀದಿ ಲೆನಾಕ್ಸ್ ಅವೆನ್ಯೂವನ್ನು ಕೂಡುವ ಮೂಲೆ. 1910ರಿಂದ 1970ರವರೆಗೆ ಅಮೆರಿಕದ ದಕ್ಷಿಣ ರಾಜ್ಯಗಳನ್ನು ತೊರೆದ ಸುಮಾರು 60 ಲಕ್ಷ ಕಪ್ಪು ಜನರಲ್ಲಿ ಬಹಳ ಮಂದಿ ನೆಲೆ ಕಂಡುಕೊಂಡದ್ದು ಈ ಬೀದಿಗಳಲ್ಲಿ. ಇದನ್ನು ಗುಳೆ ಎನ್ನಲು ನನಗೆ ಮನಸ್ಸಾಗುವುದಿಲ್ಲ; ಗುಳೆ ಹೋದವರು ಮಳೆ ಬಿದ್ದ ಮೇಲೆ ಊರಿಗೆ ಮರಳುತ್ತಾರೆ. ಹತ್ತಿ ಹೊಲದಲ್ಲಿ ವರ್ಷವಿಡೀ ದುಡಿದರೂ ತೀರದ ಸಾಲ, ಗುಂಪುಗೂಡಿ ಬಂದು ಮರಕ್ಕೆ ನೇಣು ಹಾಕುವವರ ಭಯ, ಮತ ಹಾಕಲು ಬಿಡದ ಕಾನೂನು, ಇವುಗಳಿಂದ ಬಿಡಿಸಿಕೊಂಡು ಬಂದವರಿಗೆ ಮರಳುವ ಯೋಚನೆ ಇರಲಿಲ್ಲ.

ಈಗ ಕಾಣುತ್ತಿರುವ ಕಂದು ಕಲ್ಲಿನ ಸಾಲುಮನೆಗಳ ಬಾಡಿಗೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅಂಥದೇ ಮನೆಗೆ ಬಿಳಿಯರು ಕೊಡುತ್ತಿದ್ದುದಕ್ಕಿಂತ ಹೆಚ್ಚಿನ ಬಾಡಿಗೆಯನ್ನು, ಬಿಳಿಯರಿಗಿಂತ ಕಡಿಮೆ ಸಂಬಳ ಪಡೆಯುತ್ತಿದ್ದ ಈ ಜನರಿಂದ ವಸೂಲು ಮಾಡಲಾಗುತ್ತಿತ್ತು. ಬೇರೆ ಬಡಾವಣೆಗಳಲ್ಲಿ ಇವರಿಗೆ ಮನೆ ಕೊಡುವವರು ವಿರಳವಾಗಿದ್ದರಿಂದ ಮಾಲೀಕರು ಹೇಳಿದ್ದೇ ದರ. ಇದು ಹಗಲು ದರೋಡೆ. ಬಾಡಿಗೆ ಕಟ್ಟುವ ದಿನ ಹತ್ತಿರವಾದಂತೆ ಮನೆಯವರು ಚೀಟಿ ಅಚ್ಚು ಹಾಕಿಸಿ ಹಂಚಿ, ಶನಿವಾರ ರಾತ್ರಿ ಕುರ್ಚಿ ಮೇಜುಗಳನ್ನೆಲ್ಲ ಆಚೆ ಸಾಗಿಸಿ, ಮೀನು ಹುರಿದಿಟ್ಟು, ಕುಣಿಯಲು ಬಂದವರಿಂದ ಕೆಲವು ಸೆಂಟ್ ಪಡೆದು ಆ ಹಣವನ್ನು ಹೊಂದಿಸುತ್ತಿದ್ದರು. ಅಲ್ಲಿ ಪಿಯಾನೋ ನುಡಿಸುತ್ತಿದ್ದವರಲ್ಲಿ ಜೇಮ್ಸ್ ಪಿ. ಜಾನ್ಸನ್, ಫ್ಯಾಟ್ಸ್ ವಾಲರ್ ಇದ್ದರು. ಎಡಗೈ ಮಂದ್ರಕ್ಕೂ ಮಧ್ಯಕ್ಕೂ ಜಿಗಿಯುತ್ತ ತಾಳ ಹಿಡಿದಿರುವಾಗ ಬಲಗೈ ಮನಬಂದಂತೆ ವಿಹರಿಸುವ ಸ್ಟ್ರೈಡ್ ಶೈಲಿ ಪಳಗಿದ್ದು ಇಂಥ ಇಕ್ಕಟ್ಟಿನ ಕೋಣೆಗಳಲ್ಲಿಯೂ ಹೌದು.

ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಅವರ ಸಂಗೀತವನ್ನು ರೇಡಿಯೋ ಮೂಲಕ ದೇಶಕ್ಕೆಲ್ಲ ಮುಟ್ಟಿಸಿದ, ಇಲ್ಲಿನ ರಾತ್ರಿ ಕ್ಲಬ್ ಆಗಿದ್ದ ಕಾಟನ್ ಕ್ಲಬ್ಬಿಗೇ ಹಾರ್ಲೆಮ್ ಸಂಗೀತದ ಶ್ರೇಯವನ್ನು ಕೊಡಬೇಕೆಂದು ನಾನು ಬಹಳ ಕಾಲ ನಂಬಿದ್ದೆ. ಆದರೆ ವೇದಿಕೆಯ ಮೇಲೆ ಕಪ್ಪು ಕಲಾವಿದರು, ಎದುರಿನ ಕುರ್ಚಿಗಳಲ್ಲಿ ಬಿಳಿಯರು ಎಂಬುದು ಅಲ್ಲಿನ ಕಟ್ಟಳೆಯಾಗಿತ್ತು. ಆ ಶ್ರೇಯವನ್ನು ಹಿಂಪಡೆದು, ಮನೆಬಾಗಿಲಲ್ಲಿ ನಿಂತು ಚಿಲ್ಲರೆ ಎಣಿಸುತ್ತಿದ್ದ ಹೆಂಗಸಿಗೆ ಒಪ್ಪಿಸುತ್ತೇನೆ.

ಒಳಗೆ ಬಂದೆವು, ದನಿ ತಗ್ಗಿಸುತ್ತೇನೆ. ಇದು ಶೋಂಬರ್ಗ್ ಕೇಂದ್ರ, ಕಪ್ಪು ಜನರ ಇತಿಹಾಸ ಮತ್ತು ಸಂಸ್ಕೃತಿಯ ಸಂಶೋಧನಾ ಗ್ರಂಥಾಲಯ. ಪೋರ್ಟೊ ರಿಕೊದಲ್ಲಿ ಹುಟ್ಟಿದ ಆರ್ಟುರೊ ಶೋಂಬರ್ಗ್ ಕೂಡಿಸಿದ್ದ ಪುಸ್ತಕ, ಹಸ್ತಪ್ರತಿಗಳನ್ನು 1926ರಲ್ಲಿ 10,000 ಡಾಲರಿಗೆ ಕೊಂಡು ಇಲ್ಲಿನ ಗ್ರಂಥಾಲಯಕ್ಕೆ ಸೇರಿಸಲಾಯಿತು. ವಲಸೆ ಬಂದ ತಂದೆತಾಯಿಯ ಮಗ ಜೇಕಬ್ ಲಾರೆನ್ಸ್ ಇದೇ ಗ್ರಂಥಾಲಯದಲ್ಲಿ ಓದಿ, 1941ರಲ್ಲಿ, ತಮ್ಮ 23ನೇ ವಯಸ್ಸಿಗೆ ಆ ವಲಸೆಯ ಕಥೆಯನ್ನು 60 ಚಿತ್ರಗಳಲ್ಲಿ ಬಿಡಿಸಿ ಮುಗಿಸಿದರು. ಅರವತ್ತನ್ನೂ ಒಟ್ಟಿಗೆ ಹರಡಿಕೊಂಡು, ಒಂದು ಬಣ್ಣವನ್ನು ಎಲ್ಲದಕ್ಕೂ ಹಚ್ಚಿ ಮುಗಿಸಿದ ಮೇಲೆಯೇ ಇನ್ನೊಂದು ಬಣ್ಣವನ್ನು ಕೈಗೆತ್ತಿಕೊಳ್ಳುತ್ತಿದ್ದರು.

ಕ್ಯಾಮೆರಾವನ್ನು ಕೆಳಗೆ ತಿರುಗಿಸಿದ್ದೇನೆ, ಈ ನೆಲವನ್ನು ನೋಡಿ. ಆ ಬಾಡಿಗೆ ಕುಣಿತದ ಚೀಟಿಗಳನ್ನು ಸಂಗ್ರಹಿಸಿ ಜೋಪಾನ ಮಾಡಿದ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಚಿತಾಭಸ್ಮ, ನದಿಗಳ ರೇಖೆಗಳನ್ನು ಕೆತ್ತಿದ ಈ ವರ್ತುಲದ ಅಡಿಯಲ್ಲಿದೆ. 1991ರಲ್ಲಿ ಇದರ ಉದ್ಘಾಟನೆಯಾದಾಗ ಲೇಖಕರಾದ ಮಾಯಾ ಏಂಜೆಲೊ ಮತ್ತು ಅಮಿರಿ ಬರಾಕ ಇದರ ಮೇಲೆಯೇ ಕೈಹಿಡಿದು ಕುಣಿದರು.