ಅರ್ಧ ಗಂಟೆ ವಾಕಿಂಗಿಗೆ ಆ ಬಾಟಲಿ ಯಾಕೆ?

ಹೋದ ವಾರ ಮಗನನ್ನು ಬ್ಯಾಡ್ಮಿಂಟನ್ ಕ್ಲಾಸಿನಿಂದ ಕರೆದುಕೊಂಡು ಬರಲು ಹೋಗಿದ್ದೆ. ಅವನ ಜೊತೆ ಆಡುವ ಒಬ್ಬ ಹುಡುಗಿ, ಹತ್ತು ವರ್ಷ ಇರಬಹುದು, ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಬಂದಳು. ಆಡಿದ್ದು ನಲವತ್ತು ನಿಮಿಷ. ಅವಳಪ್ಪ ಕೂಡಲೇ ನೀಲಿ ಬಣ್ಣದ ಸ್ಪೋರ್ಟ್ಸ್ ಡ್ರಿಂಕ್ ಬಾಟಲಿ ತೆರೆದು ಕೈಗಿಟ್ಟರು. "ಕುಡಿ ಪುಟ್ಟಿ, ಎನರ್ಜಿ ಬರುತ್ತೆ" ಅಂದರು. ಅವಳ ಬ್ಯಾಗಿನ ಪಕ್ಕದ ಜೇಬಿನಲ್ಲಿ ಮನೆಯಿಂದ ತಂದ ನೀರು ಹಾಗೇ ತುಂಬಿತ್ತು.

ಅವರ ಪ್ರೀತಿಯ ಬಗ್ಗೆ ನನಗೆ ಒಂದು ಮಾತೂ ಇಲ್ಲ. ನಾನೂ ಇದನ್ನೇ ಎರಡು ವರ್ಷ ಮಾಡಿದ್ದೇನೆ. ಬೆಳಿಗ್ಗೆ ಅರ್ಧ ಗಂಟೆ ನಡೆದು ಬಂದು, ಬೆವರಿದ್ದೇನಲ್ವಾ ಅಂತ ಒಂದು ಸ್ಪೋರ್ಟ್ಸ್ ಡ್ರಿಂಕ್ ಕುಡಿಯುತ್ತಿದ್ದೆ. ಒಂದು ದಿನ ಬಾಟಲಿಯ ಹಿಂದೆ ಬರೆದಿದ್ದನ್ನು ಓದಿದೆ. ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಮೊದಲು ಈ ಪಾನೀಯ ಎಲ್ಲಿಂದ ಬಂತು ನೋಡೋಣ. 1965. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದ ಕೋಚ್ ಒಬ್ಬರಿಗೆ ಒಂದು ಪ್ರಶ್ನೆ ಕಾಡುತ್ತಿತ್ತು. ನಮ್ಮ ಹುಡುಗರು ಆಟ ಮುಗಿದ ಮೇಲೆ ಮೂತ್ರಕ್ಕೇ ಹೋಗೋದಿಲ್ಲವಲ್ಲ, ಯಾಕೆ? ಕಿಡ್ನಿ ತಜ್ಞ ರಾಬರ್ಟ್ ಕೇಡ್ ಮತ್ತು ಅವರ ಜೊತೆಯವರು ಇದನ್ನು ಕೈಗೆತ್ತಿಕೊಂಡರು. ಸುಡು ಬಿಸಿಲು, ಮೈಮೇಲೆ ದಪ್ಪ ಪ್ಯಾಡು, ತಲೆಗೆ ಹೆಲ್ಮೆಟ್ಟು, ಗಂಟೆಗಟ್ಟಲೆ ಆಟ. ಮೈಯಲ್ಲಿದ್ದ ನೀರೆಲ್ಲ ಬೆವರಾಗಿ ಹೋಗುತ್ತಿತ್ತು. ಮೂತ್ರಕ್ಕೆ ಉಳಿಯುತ್ತಲೇ ಇರಲಿಲ್ಲ. ಕೇಡ್ ತಂಡ ನೀರಿಗೆ ಉಪ್ಪು, ಸಕ್ಕರೆ ಬೆರೆಸಿತು. ಕುಡಿಯಲು ಆಗದಷ್ಟು ಕೆಟ್ಟ ರುಚಿ ಬಂತು ಅಂತ ನಿಂಬೆ ರಸವನ್ನೂ ಸೇರಿಸಿದರು. ಅದೇ ಗೇಟೊರೇಡ್.

ಅಂದರೆ ಇದು ಒಂದು ನಿಜವಾದ ಸಮಸ್ಯೆಗೆ ಸಿಕ್ಕ ನಿಜವಾದ ಉತ್ತರ. ಅದನ್ನು ನಾನು ಕೀಳು ಮಾಡುವುದಿಲ್ಲ. ಆದರೆ ಆ ಸಮಸ್ಯೆ ನಮಗೆ ಇದೆಯಾ? ನಾನು ಕೇಳುತ್ತಿರುವುದು ಇಷ್ಟೇ.

ಈಗ ಲೆಕ್ಕಕ್ಕೆ ಬರೋಣ. 591 ಮಿಲಿಲೀಟರಿನ ಮಾಮೂಲಿ ಗೇಟೊರೇಡ್ ಬಾಟಲಿಯಲ್ಲಿ 34 ಗ್ರಾಂ ಸಕ್ಕರೆ ಇರುತ್ತದೆ. ಎಂಟು ಟೀ ಚಮಚಕ್ಕೂ ಜಾಸ್ತಿ. ನಿಮ್ಮ ಲೋಟದ ನೀರಿಗೆ ನೀವೇ ಎಂಟು ಚಮಚ ಸಕ್ಕರೆ ಹಾಕಿಕೊಳ್ಳುತ್ತೀರಾ? ದಿನಕ್ಕೆ ಹೊರಗಿನಿಂದ ಸೇರಿಸಿದ ಸಕ್ಕರೆ ಸುಮಾರು 25 ಗ್ರಾಂ ದಾಟದಿದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುತ್ತದೆ. ಒಂದೇ ಬಾಟಲಿಯಲ್ಲಿ ಅದು ಮುಗಿದು ಹೋಯಿತು. ಆ ಬಾಟಲಿಯ ಕ್ಯಾಲೊರಿ ಸುಮಾರು 140. ಅರ್ಧ ಗಂಟೆ ಬಿರುಸಾಗಿ ನಡೆದರೆ ನಮ್ಮಲ್ಲಿ ಹೆಚ್ಚಿನವರಿಗೆ ಖರ್ಚಾಗುವುದೂ ಹೆಚ್ಚುಕಡಿಮೆ ಅಷ್ಟೇ. ತೂಕ ಇಳಿಸಬೇಕು ಅಂತ ನಡೆಯುವವರು ದಯವಿಟ್ಟು ಈ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ನಡೆದು ಕಳೆದಿದ್ದೆಲ್ಲ ಐದು ನಿಮಿಷದಲ್ಲಿ ವಾಪಸ್.

"ಹಾಗಾದರೆ ಬೆವರಲ್ಲಿ ಹೋದ ಉಪ್ಪು?" ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಉಪ್ಪಿನಲ್ಲಿರುವ ಸೋಡಿಯಂ ಒಂದು ಲೀಟರ್ ಬೆವರಿನಲ್ಲಿ ಸುಮಾರು 1 ಗ್ರಾಂ ಹೋಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಥರ, ಇದರ ಅರ್ಧವೂ ಇರಬಹುದು, ಒಂದೂವರೆ ಪಟ್ಟೂ ಇರಬಹುದು. ಆ ಇಡೀ ಬಾಟಲಿಯಲ್ಲಿ ಇರುವ ಸೋಡಿಯಂ 270 ಮಿಲಿಗ್ರಾಂ. ಅರ್ಧ ಗಂಟೆಯ ನಡಿಗೆಯಲ್ಲಿ ಹೋದ ಉಪ್ಪನ್ನು ಮುಂದಿನ ಊಟವೇ ತುಂಬಿಕೊಡುತ್ತದೆ. ನಮ್ಮಲ್ಲಿ ಬಹಳ ಜನ ಉಪ್ಪನ್ನು ಬೇಕಾದ್ದಕ್ಕಿಂತ ಜಾಸ್ತಿಯೇ ತಿನ್ನುತ್ತಿದ್ದೇವೆ. ಬಿಪಿ ಇರುವವರು ಇದನ್ನು ಇನ್ನಷ್ಟು ಯೋಚಿಸಬೇಕು.

ಸಕ್ಕರೆ ಇಲ್ಲದ್ದು ಕುಡಿದರೆ? ಸಕ್ಕರೆಯ ಚಿಂತೆ ಹೋಯಿತು, ನಿಜ. ಆದರೆ ಹುಳಿ ಹಾಗೇ ಇರುತ್ತದೆ. ಈ ಪಾನೀಯಗಳು ಹಲ್ಲಿನ ಎನಾಮೆಲ್, ಅಂದರೆ ಮೇಲಿನ ಗಟ್ಟಿ ಪದರ, ಕರಗಿಸುವಷ್ಟು ಹುಳಿ. ಅದನ್ನು ಇಡೀ ದಿನ ಗುಟುಕು ಗುಟುಕಾಗಿ ಕುಡಿಯುವುದು ಹಲ್ಲಿಗೆ ಒಳ್ಳೆಯದಲ್ಲ.

ಇನ್ನು, ಈ ಬಾಟಲಿ ನಿಜವಾಗಿ ಕೆಲಸಕ್ಕೆ ಬರುವುದು ಯಾವಾಗ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ "ಎಲ್ಲಾ ಸುಳ್ಳು, ಸುಮ್ನೆ ನೀರು ಕುಡಿಯಿರಿ" ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ.

ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಒಂದು ಪ್ರೋಟೀನ್ ಇದೆ. ಅದೊಂದು ಬಾಗಿಲು ಅಂದುಕೊಳ್ಳಿ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಎರಡನ್ನೂ ಒಟ್ಟಿಗೆ ಒಳಗೆ ಬಿಡುತ್ತದೆ. ಅವು ಹೋದ ಕಡೆ ನೀರೂ ಹಿಂದೆಯೇ ಹೋಗುತ್ತದೆ. ಹಾಗಾಗಿ ಸ್ವಲ್ಪ ಸಕ್ಕರೆ, ಸ್ವಲ್ಪ ಉಪ್ಪು ಇರುವ ನೀರು ಮೈಗೆ ಚೆನ್ನಾಗಿ ಸೇರುತ್ತದೆ. ಇನ್ನೊಂದು, ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಇರುತ್ತದೆ. ಒಂದೂವರೆ, ಎರಡು ಗಂಟೆ ಜೋರಾಗಿ ಓಡಿದರೆ ಅದು ಬರಿದಾಗುತ್ತಾ ಬರುತ್ತದೆ. ಕಾಲು ಏಳುವುದೇ ಇಲ್ಲ. ಒಂದು ಗಂಟೆಗೂ ಜಾಸ್ತಿ ದಣಿಯುವವರು ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತೆಗೆದುಕೊಳ್ಳಿ ಅನ್ನುವುದು ಇದಕ್ಕೇ. ಮ್ಯಾರಥಾನ್ ಓಟಗಾರನಿಗೆ, ದಿನವಿಡೀ ಸೈಕಲ್ ತುಳಿಯುವವನಿಗೆ, ಬಿಸಿಲಲ್ಲಿ ಎರಡು ಗಂಟೆ ಫುಟ್‌ಬಾಲ್ ಆಡುವವಳಿಗೆ ಆ ಬಾಟಲಿ ಬೇಕು. ಕುಡಿಯಲಿ. ಅವರಿಗೂ ಹಣ್ಣಿನ ರಸ ಅಷ್ಟು ಸರಿ ಹೋಗುವುದಿಲ್ಲ. ಅದರಲ್ಲಿ ಸಕ್ಕರೆ ಇನ್ನೂ ಗಟ್ಟಿ, ಹೊಟ್ಟೆಯಿಂದ ಬೇಗ ಇಳಿಯುವುದಿಲ್ಲ. ಓಡುವಾಗ ಹೊಟ್ಟೆಯಲ್ಲಿ ಕುಲುಕುತ್ತಾ ಇರುತ್ತದೆ.

"ಆದರೆ ನನಗೆ ಕುಡಿದ ತಕ್ಷಣ ಹುಮ್ಮಸ್ಸು ಬರುತ್ತಲ್ಲ" ಅಂತ ನನ್ನ ತಮ್ಮ ವಾದ ಮಾಡುತ್ತಾನೆ. ಅವನು ಹೇಳುವುದು ಸುಳ್ಳಲ್ಲ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೈಕಲ್ ಸವಾರರಿಗೆ ಕಾರ್ಬೋಹೈಡ್ರೇಟ್ ಬೆರೆಸಿದ ನೀರನ್ನು ಕುಡಿಯಲು ಕೊಡಲಿಲ್ಲ. ಬಾಯಿ ಮುಕ್ಕಳಿಸಿ ಉಗಿಯಲು ಕೊಟ್ಟರು. ಅಷ್ಟಕ್ಕೇ ಅವರು ಸುಮಾರು ಒಂದು ಗಂಟೆಯ ಸವಾರಿಯನ್ನು 3 ಶೇಕಡಾದಷ್ಟು ಬೇಗ ಮುಗಿಸಿದರು. ಬಾಯಿಗೆ ಕಾರ್ಬೋಹೈಡ್ರೇಟ್ ತಾಗಿದರೆ ಸಾಕು, ಮಿದುಳಿಗೆ ಗೊತ್ತಾಗುತ್ತದೆ. ನನಗೆ ಇದು ತುಂಬಾ ಇಷ್ಟವಾದ ಪ್ರಯೋಗ. ಹುಮ್ಮಸ್ಸು ಬಂತು ಅಂದ ಮಾತ್ರಕ್ಕೆ ಮೈಗೆ ಸಕ್ಕರೆ ಬೇಕಿತ್ತು ಅಂತ ಅರ್ಥ ಅಲ್ಲ ಅನ್ನುವುದನ್ನು ಅದು ತೋರಿಸಿಕೊಟ್ಟಿತು.

ನೀರನ್ನೂ ಅತಿ ಮಾಡಬಾರದು. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದರು. 13 ಶೇಕಡಾ ಜನರಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಮೂವರಲ್ಲಿ ಪ್ರಾಣಕ್ಕೇ ಅಪಾಯ ಅನ್ನುವಷ್ಟು ಇಳಿದಿತ್ತು. ಸೋಡಿಯಂ ಇಳಿದವರಲ್ಲಿ ಯಾರು ಜಾಸ್ತಿ ಅಂತ ನೋಡಿದರೆ, ಓಡುತ್ತಾ ಓಡುತ್ತಾ ತೂಕ ಹೆಚ್ಚಿಸಿಕೊಂಡವರು. ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರು. ಕುಡಿದದ್ದು ನೀರೋ ಸ್ಪೋರ್ಟ್ಸ್ ಡ್ರಿಂಕೋ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. "ಇದರಲ್ಲಿ ಎಲೆಕ್ಟ್ರೋಲೈಟ್ (ಸೋಡಿಯಂನಂಥ ಲವಣ) ಇದೆ, ಎಷ್ಟು ಕುಡಿದರೂ ಪರವಾಗಿಲ್ಲ" ಅಂತ ನಂಬಿದವರಿಗೆ ಈ ಅಧ್ಯಯನ ಗೊತ್ತಿರಬೇಕು.

ಹಾಗಾದರೆ ಎಷ್ಟು ಕುಡಿಯಬೇಕು? ದಿನಕ್ಕೆ ಎಂಟು ಲೋಟ ಅಂತ ಲೆಕ್ಕ ಇಟ್ಟುಕೊಂಡು ಒದ್ದಾಡಬೇಡಿ. ಬಾಯಾರಿದಾಗ ಕುಡಿಯಿರಿ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ಇನ್ನಷ್ಟು ಕುಡಿಯಿರಿ. ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅವರಿಗೆ ಮನೆಯವರು ಆಗಾಗ ಲೋಟ ಕೈಗೆ ಕೊಡಬೇಕು. ಹೃದಯ, ಕಿಡ್ನಿ ತೊಂದರೆ ಇದ್ದು ಇಷ್ಟೇ ನೀರು ಅಂತ ಡಾಕ್ಟರು ಹೇಳಿದ್ದರೆ ಅವರ ಮಾತೇ ಕೊನೆ. ತುಂಬಾ ಹೊತ್ತು ವ್ಯಾಯಾಮ ಮಾಡುವವರು ಒಂದು ದಿನ ವ್ಯಾಯಾಮಕ್ಕೆ ಮೊದಲೂ ಆಮೇಲೂ ತೂಕ ನೋಡಿಕೊಳ್ಳಿ. 1 ಕಿಲೋ ಇಳಿದರೆ ಹೆಚ್ಚುಕಡಿಮೆ 1 ಲೀಟರ್ ನೀರು ಹೋಗಿದೆ ಅಂತ ಅರ್ಥ. ನಿಮ್ಮ ಮೈಯ ಲೆಕ್ಕ ನಿಮಗೇ ಸಿಗುತ್ತದೆ.

ಎನರ್ಜಿ ಡ್ರಿಂಕ್ ಬೇರೆಯೇ. ಅದರಲ್ಲಿ ಕೆಫೀನ್ ಇರುತ್ತದೆ, ಮಕ್ಕಳಿಗೆ ಅದು ಬೇಡವೇ ಬೇಡ. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಕೂತಿರುತ್ತವೆ, ಹೆಸರು ನೋಡಿ ತೆಗೆದುಕೊಳ್ಳಿ.

ಇನ್ನೊಂದು ತಪ್ಪು ನನ್ನನ್ನು ನಿಜಕ್ಕೂ ಹೆದರಿಸುತ್ತದೆ. ಮಗುವಿಗೆ ವಾಂತಿ ಭೇದಿ ಆದಾಗ ಓಆರ್‌ಎಸ್ ಬದಲು ಸ್ಪೋರ್ಟ್ಸ್ ಡ್ರಿಂಕ್ ಕುಡಿಸುವುದು. ಎರಡರಲ್ಲೂ ಉಪ್ಪು, ಸಕ್ಕರೆ ಇದೆಯಲ್ಲ ಅಂತ ಅನಿಸುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್. ಸ್ಪೋರ್ಟ್ಸ್ ಡ್ರಿಂಕಿನಲ್ಲಿ ಸಕ್ಕರೆ ಅದರ ನಾಲ್ಕು ಪಟ್ಟು, ಸೋಡಿಯಂ ಮಾತ್ರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅಷ್ಟು ಸಕ್ಕರೆ ಭೇದಿಯನ್ನು ಇನ್ನೂ ಜಾಸ್ತಿ ಮಾಡಬಹುದು. ಓಆರ್‌ಎಸ್ ಪೊಟ್ಟಣ ತನ್ನಿ. ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಿ ಕಲಸಿ. ಚಮಚದಲ್ಲಿ ಸ್ವಲ್ಪ ಸ್ವಲ್ಪ ಕುಡಿಸುತ್ತಾ ಇರಿ. ಮಗು ಮಂಕಾದರೆ, ಕಣ್ಣು ಒಳಗೆ ಹೋದರೆ, ಮೂತ್ರ ನಿಂತರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.