ಗಲ್ಲಾಪೆಟ್ಟಿಗೆಗೆ ಇನ್ನೊಂದು ಬೀಗ

ಕೇಳುಗರಿಗೆ ನಮಸ್ಕಾರ.

ನಾನು ಅಂಗಡಿಗಳ ಕಂಪ್ಯೂಟರ್ ರಿಪೇರಿ ಮಾಡುವವನು. ಪ್ರಿಂಟರ್ ಓಡ್ತಿಲ್ಲ, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಓಪನ್ ಆಗ್ತಿಲ್ಲ ಅಂತ ಫೋನ್ ಬಂದರೆ ಬ್ಯಾಗು ಹೆಗಲಿಗೇರಿಸಿ ಹೊರಡುತ್ತೇನೆ. ಒಂದು ದಿನ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಫೋನ್ ಮಾಡಿದರು. "ಕಂಪ್ಯೂಟರಿಗೆ ವೈರಸ್ ಬಂದಿರಬೇಕು, ಬೇಗ ಬಾರಪ್ಪ. ದುಡ್ಡು ಹೋಗಿದೆ" ಅಂದರು.

ಹೋಗಿ ನೋಡಿದೆ. ವೈರಸ್ ಇರಲಿಲ್ಲ. ಆಗಿದ್ದೇ ಬೇರೆ. ಅವರಿಗೆ ನೀರಿನ ಪಂಪು ಸರಬರಾಜು ಮಾಡುವ ಕಂಪನಿಯಿಂದ ಒಂದು ಇಮೇಲ್ ಬಂದಿತ್ತು. ಅದೇ ಬಿಲ್ಲು, ಅದೇ ಮೊತ್ತ, ಅದೇ ಲೋಗೋ. ಕೊನೆಗೆ ಒಂದು ಸಾಲು ಮಾತ್ರ ಹೊಸದು: ನಮ್ಮಲ್ಲಿ ಆಡಿಟ್ ನಡೆಯುತ್ತಿದೆ, ಈ ಸಲ ಹಳೆಯ ಅಕೌಂಟಿಗೆ ಹಾಕಬೇಡಿ, ಈ ಹೊಸ ಅಕೌಂಟಿಗೆ ಹಾಕಿ. ಲೆಕ್ಕ ಬರೆಯುವ ಹುಡುಗಿ ಎರಡು ಲಕ್ಷದ ನಲವತ್ತು ಸಾವಿರ ಹಾಕಿದಳು. ಒಂಬತ್ತು ದಿನ ಬಿಟ್ಟು ಅಸಲಿ ಕಂಪನಿಯವರು ಫೋನ್ ಮಾಡಿ, "ಬಾಕಿ ಯಾವಾಗ ಕೊಡ್ತೀರಿ?" ಅಂತ ಕೇಳಿದಾಗಲೇ ವಿಷಯ ಗೊತ್ತಾಗಿದ್ದು.

ಮೇಲ್ ವಿಳಾಸವನ್ನು ದೊಡ್ಡದು ಮಾಡಿ ತೋರಿಸಿದೆ. ಇಂಗ್ಲಿಷಿನ ಎಮ್ ಅಕ್ಷರ ಇರಬೇಕಾದ ಜಾಗದಲ್ಲಿ ಆರ್ ಮತ್ತು ಎನ್ ಅಂಟಿಕೊಂಡು ಕೂತಿದ್ದವು. ಚಿಕ್ಕಕ್ಷರದಲ್ಲಿ ಬರೆದು ನೋಡಿ, ನಿಮಗೂ ಎಮ್ ಅಂತಲೇ ಕಾಣುತ್ತದೆ. ಹಾಗಾದರೆ ಬಿಲ್ಲಿನ ಮೊತ್ತ ಕಳ್ಳನಿಗೆ ಹೇಗೆ ಗೊತ್ತಾಯಿತು? ಪಂಪು ಕಂಪನಿಯ ಮೇಲ್ ಪಾಸ್‌ವರ್ಡ್ ಎಲ್ಲೋ ಅವನ ಕೈಗೆ ಸಿಕ್ಕಿತ್ತು. ಅವನು ಏನನ್ನೂ ಒಡೆದಿರಲಿಲ್ಲ. ಸುಮ್ನೆ ಒಳಗೆ ಕೂತು ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಓದುತ್ತಿದ್ದ.

ಇದಕ್ಕೆ ಮದ್ದು ಯಾವ ಸಾಫ್ಟ್‌ವೇರೂ ಅಲ್ಲ. ಅಕೌಂಟ್ ನಂಬರ್ ಬದಲಾಗಿದೆ ಅಂತ ಯಾರೇ ಹೇಳಲಿ, ಹಣ ಹಾಕುವ ಮುಂಚೆ ನೀವೇ ಫೋನ್ ಮಾಡಿ ಕೇಳಬೇಕು. ಆ ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ, ಮೊದಲಿಂದ ನಿಮ್ಮ ಹತ್ತಿರ ಇರುವ ನಂಬರಿಗೆ. ಅವರಾಗಿ ಫೋನ್ ಮಾಡಿದರೂ ಇಟ್ಟು, ನೀವು ತಿರುಗಿ ಮಾಡಿ. ಈಗೀಗ ಪರಿಚಯದವರ ದನಿಯನ್ನೂ ಕಂಪ್ಯೂಟರಿನಿಂದ ನಕಲು ಮಾಡಬಹುದು.

ಯಜಮಾನರು ಆ ಹುಡುಗಿಯನ್ನು ಕೆಲಸದಿಂದ ತೆಗೆಯಲು ಹೊರಟಿದ್ದರು. ನಾನು ತಡೆದೆ. ಅವಳನ್ನು ತೆಗೆದರೆ ಉಳಿದವರು ಏನು ಕಲಿಯುತ್ತಾರೆ? ತಪ್ಪಾದರೆ ಮುಚ್ಚಿಡಬೇಕು ಅಂತ ಕಲಿಯುತ್ತಾರೆ, ಅಲ್ವಾ? ಹಣ ಹೋದ ಮೇಲಿನ ಮೊದಲ ಗಂಟೆಗಳಲ್ಲೇ ಅದನ್ನು ಹಿಡಿಯುವ ಅವಕಾಶ ಜಾಸ್ತಿ. ಬೈಗುಳಕ್ಕೆ ಹೆದರಿದವರು ಆ ಹೊತ್ತನ್ನೇ ಕಳೆದುಬಿಡುತ್ತಾರೆ.

"ನಮ್ಮ ಸಣ್ಣ ಅಂಗಡೀಲಿ ಕದಿಯೋಕೆ ಏನಿದೆ?" ಅಂತ ಎಲ್ಲರೂ ಕೇಳುತ್ತಾರೆ. ಅಮೆರಿಕದಲ್ಲಿ ಟಾರ್ಗೆಟ್ ಅಂತ ದೊಡ್ಡ ಅಂಗಡಿ ಸರಣಿ ಇದೆ. 2013ರಲ್ಲಿ ಅಲ್ಲಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ನುಗ್ಗಿದ್ದು ನೇರ ದಾರಿಯಿಂದಲ್ಲ. ಅಂಗಡಿಗಳಿಗೆ ಫ್ರಿಜ್ಜು, ಎಸಿ ಕೆಲಸ ಮಾಡಿಕೊಡುತ್ತಿದ್ದ ಒಂದು ಪುಟ್ಟ ಕಂಪನಿಯ ಲಾಗಿನ್ ಕದ್ದು, ಅದನ್ನೇ ಕೀಲಿಕೈ ಮಾಡಿಕೊಂಡಿದ್ದರು. ನಮ್ಮಲ್ಲಿ ಏನೂ ಇಲ್ಲದಿರಬಹುದು. ನಾವು ಯಾರಿಗೆ ಬಿಲ್ಲು ಕಳಿಸುತ್ತೇವೋ ಅವರಲ್ಲಿ ಇರುತ್ತದಲ್ಲ.

ಹಾಗಾಗಿ ಮೊದಲು ಮೇಲ್‌ಗೆ ಬೀಗ ಹಾಕಿ. ಉಳಿದ ಎಷ್ಟೋ ಪಾಸ್‌ವರ್ಡು ಮರೆತರೆ ಹೊಸದು ಬರುವುದು ಅದೇ ಮೇಲ್‌ಗೆ. ನಾನು ಹೋಗುವ ಅಂಗಡಿಗಳಲ್ಲಿ ಪಾಸ್‌ವರ್ಡು ಅಂದರೆ ಅಂಗಡಿಯ ಹೆಸರು, ಮುಂದೆ ಒಂದು ಎರಡು ಮೂರು. ಅದನ್ನೂ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿರುತ್ತಾರೆ! ಉದ್ದನೆಯ ಪಾಸ್‌ವರ್ಡು ಇಡಿ, ಒಂದಕ್ಕಿಟ್ಟಿದ್ದನ್ನು ಇನ್ನೊಂದಕ್ಕೆ ಇಡಬೇಡಿ. ಮೇಲ್‌ನಲ್ಲಿ ಟು ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ಆಗ ಪಾಸ್‌ವರ್ಡು ಕದ್ದವನಿಗೂ ನಿಮ್ಮ ಫೋನ್ ಬೇಕಾಗುತ್ತದೆ. ವಾಟ್ಸ್‌ಆ್ಯಪ್‌ಗೂ ಆರು ಅಂಕಿಯ ಪಿನ್ ಇಡಬಹುದು. ಗಿರಾಕಿಗಳ ಆರ್ಡರೆಲ್ಲ ಅದರಲ್ಲೇ ಬರುವವರು ಇವತ್ತೇ ಇಡಿ.

ಇನ್ನು ಗಲ್ಲಾಪೆಟ್ಟಿಗೆಯ ಮುಂದಿನ ಮಾತು. ನಾವೆಲ್ಲ ಸ್ಕ್ಯಾನರ್ ಅಂತ ಕರೆಯುತ್ತೇವಲ್ಲ, ಆ ಕ್ಯೂಆರ್ ಸ್ಟಿಕ್ಕರು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಹಲವು ಅಂಗಡಿಗಳ ಸ್ಟಿಕ್ಕರಿನ ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸಿ ಹೋಗಿದ್ದರು. ವ್ಯಾಪಾರ ಇವರದು, ದುಡ್ಡು ಅವರಿಗೆ. ಬೆಳಿಗ್ಗೆ ಶಟರ್ ಎತ್ತಿ ದೀಪ ಹಚ್ಚಿದ ಮೇಲೆ ನಿಮ್ಮದೇ ಫೋನಿನಿಂದ ಒಮ್ಮೆ ಸ್ಕ್ಯಾನ್ ಮಾಡಿ ಹೆಸರು ನೋಡಿ. ಗಿರಾಕಿ ತೋರಿಸುವ ಹಸಿರು ಟಿಕ್ಕನ್ನು ನಂಬಬೇಡಿ, ಅದನ್ನು ತೋರಿಸುವ ನಕಲಿ ಆ್ಯಪುಗಳೇ ಇವೆ. ದುಡ್ಡು ಬಂತು ಅಂತ ನಿಮ್ಮ ಡಬ್ಬಿ ಕೂಗಬೇಕು, ಇಲ್ಲವೇ ನಿಮ್ಮ ಫೋನಿನಲ್ಲಿ ಕಾಣಬೇಕು. ದುಡ್ಡು ತೆಗೆದುಕೊಳ್ಳೋಕೆ ಪಿನ್ ಒತ್ತಿ ಅಂದವನು ಕಳ್ಳ. ಪಿನ್ ಇರುವುದು ಕೊಡುವವರಿಗೆ.

ಇದೇ ಜಾಗದಲ್ಲಿ ಇನ್ನೊಂದು ಉಪಾಯ ನಡೆಯುತ್ತದೆ. ಅಪರಿಚಿತರು ಬಂದು, "ಹತ್ತು ಸಾವಿರ ಯುಪಿಐ ಮಾಡ್ತೀನಿ, ಕ್ಯಾಶ್ ಕೊಡಿ, ಆಸ್ಪತ್ರೆಗೆ ಬೇಕು" ಅನ್ನುತ್ತಾರೆ. ದುಡ್ಡು ನಿಜವಾಗಿಯೂ ಬರುತ್ತದೆ. ಆದರೆ ಅದು ಯಾರಿಂದಲೋ ದೋಚಿದ್ದಾಗಿದ್ದರೆ, ಪೊಲೀಸರು ಆ ಜಾಡು ಹಿಡಿದು ಬಂದಾಗ ತಡೆ ಬೀಳುವುದು ನಿಮ್ಮ ಅಕೌಂಟಿಗೆ. ಸಾಮಾನು ಕೊಟ್ಟಿದ್ದರೆ ಬಿಲ್ಲು ತೋರಿಸಬಹುದು. ಬರೀ ಕ್ಯಾಶ್ ಕೊಟ್ಟಿದ್ದಕ್ಕೆ ಏನು ತೋರಿಸುತ್ತೀರಿ? ನಿಜವಾದ ಕಷ್ಟದವರಿಗೂ ಇಲ್ಲ ಅನ್ನಬೇಕಾಗುತ್ತದೆ, ಅದು ನನಗೂ ಬೇಜಾರೇ. ಎಟಿಎಂ ಎಲ್ಲಿದೆ ಅಂತ ದಾರಿ ತೋರಿಸಿ.

ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕಾಗದ, ಟ್ರಾಫಿಕ್ ದಂಡದ ಚಲನ್ ಅಂತ ಫೈಲು ಬಂದು, ಅದರ ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಮುಟ್ಟಬೇಡಿ. ಅದು ಕಾಗದವಲ್ಲ, ಆ್ಯಪು. ಫೋನಿನೊಳಗೆ ಕೂತು ನಿಮ್ಮ ಓಟಿಪಿ ಓದುತ್ತದೆ.

ಈಗ ಲೆಕ್ಕದ ಫೈಲಿಗೆ ಬರೋಣ. 2017ರ ಮೇ 12ರಂದು ವಾನಾಕ್ರೈ ಅನ್ನುವ ವೈರಸ್ ಹಬ್ಬಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಫೈಲುಗಳಿಗೆ ಬೀಗ ಹಾಕಿ, ಬಿಚ್ಚಲು 300 ಡಾಲರ್ ಕೇಳಿತು. ಸೋಜಿಗ ಏನೆಂದರೆ, ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಎಷ್ಟೋ ಜನ ಹಾಕಿಕೊಂಡಿರಲಿಲ್ಲ. ಅಪ್‌ಡೇಟ್ ಕೇಳಿದಾಗ "ಆಮೇಲೆ" ಅಂತ ಒತ್ತುವುದು ನಮ್ಮೆಲ್ಲರ ಚಟ. ವಿಂಡೋಸ್ 10ಕ್ಕಂತೂ 2025ರ ಅಕ್ಟೋಬರ್ 14ಕ್ಕೆ ಇಂಥ ಅಪ್‌ಡೇಟುಗಳ ಮಾಮೂಲಿ ಬೆಂಬಲ ಮುಗಿದಿದೆ. ಕಳ್ಳ ಕಾಪಿ ವಿಂಡೋಸ್ ಹಾಕಿಕೊಂಡವರ ಕಥೆ ಕೇಳಲೇಬೇಡಿ. ಹಿಂದೆ ನಾನೂ ಹಾಕಿಕೊಟ್ಟಿದ್ದೇನೆ, ಈಗ ಬಿಟ್ಟಿದ್ದೇನೆ.

ಬ್ಯಾಕಪ್ ಇಟ್ಟವರು ಇಂಥ ಹೊತ್ತಿನಲ್ಲಿ ಉಳಿದುಕೊಳ್ಳುತ್ತಾರೆ. ಆದರೆ ಹಾರ್ಡ್‌ಡಿಸ್ಕನ್ನು ಸದಾ ಕಂಪ್ಯೂಟರಿಗೇ ಸಿಕ್ಕಿಸಿಟ್ಟರೆ ವೈರಸ್ ಅದಕ್ಕೂ ಬೀಗ ಹಾಕುತ್ತದೆ. ಎರಡು ಡಿಸ್ಕು ಇಟ್ಟುಕೊಳ್ಳಿ, ಒಂದು ಮನೆಯಲ್ಲಿರಲಿ. ಕಾಪಿ ಮಾಡಿದ್ದನ್ನು ಬೇರೆ ಕಂಪ್ಯೂಟರಿನಲ್ಲಿ ಆಗಾಗ ತೆರೆದು ನೋಡಿ. ಒಬ್ಬ ಬಟ್ಟೆ ವ್ಯಾಪಾರಿ ಎರಡು ವರ್ಷ ಪ್ರತಿ ಶನಿವಾರ ತಪ್ಪದೆ ಪೆನ್‌ಡ್ರೈವಿಗೆ ಕಾಪಿ ಮಾಡಿದ್ದರು. ಕಂಪ್ಯೂಟರ್ ಕೆಟ್ಟಾಗ ಹೆಮ್ಮೆಯಿಂದ ನನ್ನ ಕೈಗೆ ಕೊಟ್ಟರು. ತೆರೆದರೆ ಅದರಲ್ಲಿದ್ದದ್ದು ಟ್ಯಾಲಿಯ ಶಾರ್ಟ್‌ಕಟ್ ಚಿತ್ರ ಒಂದೇ. ಮನೆಯ ವಿಳಾಸದ ಚೀಟಿ ಎತ್ತಿಟ್ಟು, ಮನೆಯನ್ನೇ ಎತ್ತಿಟ್ಟಿದ್ದೇನೆ ಅಂದುಕೊಂಡ ಹಾಗೆ.

ಇಷ್ಟೆಲ್ಲ ಆದ ಮೇಲೂ ದುಡ್ಡು ಹೋದರೆ? ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ ಬ್ಯಾಂಕಿಗೆ, ಆಮೇಲೆ ನಿಮ್ಮ ಜಿಲ್ಲೆಯ ಸೆನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗೆ. ಕಳ್ಳ ಹಣವನ್ನು ಒಂದು ಅಕೌಂಟಿನಲ್ಲಿ ಇಡುವುದಿಲ್ಲ, ಅಲ್ಲಿಂದ ಇಲ್ಲಿಗೆ ದಾಟಿಸುತ್ತಲೇ ಇರುತ್ತಾನೆ. ದೂರು ಬಂದ ಕೂಡಲೇ ಬ್ಯಾಂಕುಗಳಿಗೆ ಸುದ್ದಿ ಹೋಗಿ, ಹಣ ಇನ್ನೂ ಎಲ್ಲಾದರೂ ಉಳಿದಿದ್ದರೆ ಅಲ್ಲೇ ತಡೆ ಹಾಕುತ್ತಾರೆ. ಆ ಹಾರ್ಡ್‌ವೇರ್ ಅಂಗಡಿಯವರು ಮಾಡಿದ್ದು ಒಂಬತ್ತು ದಿನದ ಮೇಲೆ. ಸಿಕ್ಕಿದ್ದು ಹನ್ನೊಂದು ಸಾವಿರ.

ಫೋನ್ ಮಾಡುವಾಗ ಯಾವ ಬ್ಯಾಂಕು, ಎಷ್ಟು ಹಣ, ಎಷ್ಟು ಹೊತ್ತಿಗೆ ಹೋಯಿತು ಅಂತ ಕೇಳುತ್ತಾರೆ. ವ್ಯವಹಾರದ ನಂಬರೂ ಬೇಕು. ಯುಪಿಐ ಆದರೆ ಅದು 12 ಅಂಕಿ ಇರುತ್ತದೆ. ಅದನ್ನು ಹುಡುಕುವುದು ಹೇಗೆ ಅಂತ ಅಂಗಡಿಯ ಹುಡುಗರಿಗೆಲ್ಲ ಒಮ್ಮೆ ತೋರಿಸಿಡಿ. 1930 ಅನ್ನುವುದನ್ನು ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ದಪ್ಪಗೆ ಬರೆಯಿರಿ.

ನಮಸ್ಕಾರ.